ಸುಲೋಚನಳಿಗೆ ಒಂದು ಸೀರೆ

ಮೈಸೂರು
ಜುಲೈ, 1954

ಅಕ್ಕನಿಗೆ ಕಮಲಾಕ್ಷಿಯ ನಮಸ್ಕಾರ.

ಭಾವನಿಗೆ ಹೇಳಿ ಮಗ್ಗದ ಮೇಲೆ ಒಂದು ರೇಷ್ಮೆ ಸೀರೆ ಹಾಕಿಸು. ನನಗಲ್ಲ, ಸುಲೋಚನಳಿಗೆ. ನಮ್ಮ ಕಾಲೇಜಿನ ಚರಿತ್ರೆ ವಿಭಾಗಕ್ಕೆ ಈಗ ಅವಳೇ ಮುಖ್ಯಸ್ಥೆ. ಆ ಕೆಲಸ ನನಗೇ ಆಗುತ್ತೆ ಅಂತ ನಿನಗೆ ಬರೆದಿದ್ದೆನಲ್ಲ, ಅದು ಆಗಲಿಲ್ಲ.

ಅವಳ ಯಳಂದೂರು ಮೈಸೂರು ರಾಜ್ಯಕ್ಕೆ ಸೇರಿದ್ದು, ನಮ್ಮ ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದು, ಅದಕ್ಕೇ ಹೀಗಾಯಿತು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನೆ. ಪಾಠ ಅವಳು ನನಗಿಂತ ಚೆನ್ನಾಗಿ ಮಾಡುತ್ತಾಳೆ ಅನ್ನುವುದನ್ನು ನಿನಗೆ ಮಾತ್ರ ಹೇಳುತ್ತೇನೆ.

ನಮ್ಮ ಜವಾನ ಚಿನ್ನಸ್ವಾಮಿ ಹನೂರು ಕಡೆಯವನು. ಅವಳನ್ನು 'ಸಾ' ಅಂತ ಕರೆಯುತ್ತಾನೆ. ಹೆಂಗಸರನ್ನು ಯಾರಾದರೂ ಹಾಗೆ ಕರೀತಾರಾ ಅಂತ ಕೇಳಿದೆ.

"ಆ ಕುರ್ಚಿ ಮ್ಯಾಲೆ ಕುಂತೋರ್ನೆಲ್ಲಾ ಸಾ ಅಂತ್ಲೇ ಕರ್ದು ರೂಢಿ ಕಣಮ್ಮಾವ್ರೇ."

"ಮತ್ತೆ ನನ್ನನ್ನ?"

"ನೀವು ಅಮ್ಮಾವ್ರೇ ಬುಡಿ."

ಅವತ್ತು ನನಗೆ ಊಟ ಸೇರಲಿಲ್ಲ ಅಕ್ಕಾ.

ಸೀರೆಗೆ ಯಾವ ಬಣ್ಣ ಬೇಕು ಅಂತ ಸುಲೋಚನಳನ್ನು ಕೇಳಿದ್ದಕ್ಕೆ, "ನಿನಗೆ ಒಪ್ಪೋದೇ ನನಗೂ ಒಪ್ಪುತ್ತೆ ಕಣೆ" ಅಂದಳು. ಹಾಗಾದರೆ ನನಗೆ ಚೂರೂ ಒಪ್ಪದ ಗಿಳಿಹಸಿರನ್ನೇ ಹಾಕಿಸು.

ಬೇಡ, ಹಾಗೆ ಮಾಡಬೇಡ. ನನಗೆ ಒಪ್ಪುವ ನೇರಳೆ ಬಣ್ಣವೇ ಇರಲಿ, ಅಂಚಿಗೆ ಒಳ್ಳೆಯ ಜರಿ ಹಾಕಿಸು. ನನಗಂತೂ ಆ ಕುರ್ಚಿ ಸಿಗಲಿಲ್ಲ, ಅದರ ಮೇಲೆ ನಮ್ಮ ಮನೆಯ ಸೀರೆಯಾದರೂ ಕೂರಲಿ.

ನಿನ್ನ ತಂಗಿ,
ಕಮಲಾಕ್ಷಿ