ನಾಲ್ಕು ಸಾಲಿನ ನವಕಾರ

ವಢವಾಣ,
ಆಶ್ವಯುಜ ಶುದ್ಧ ಪಂಚಮಿ

ಪೂಜ್ಯ ಸಾಧ್ವೀ ಶಮನಿಧಿಶ್ರೀಜಿ ಮಹಾರಾಜರಿಗೆ ಕಂಚನಳ ವಂದನೆಗಳು. ಪಾಟಣದ ಉಪಾಶ್ರಯದಲ್ಲಿ ತಾವೆಲ್ಲರೂ ಸುಖಶಾತೆಯಿಂದ ಇದ್ದೀರೆಂದು ನಂಬಿದ್ದೇನೆ.

ಸಂವತ್ಸರಿಯ ಮರುದಿನವೇ ಬರೆಯಬೇಕಿದ್ದ ಕ್ಷಮಾಪಣೆಯ ಕಾಗದ ಇದು. ತಡವಾದದ್ದಕ್ಕೂ ಸೇರಿಸಿ ಮಿಚ್ಛಾಮಿ ದುಕ್ಕಡಂ. ‘ಮಗಳೇ ಬಿಜಲ್’ ಎಂದು ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ. ದೀಕ್ಷೆಯಾದ ಮೇಲೆ ಹೆತ್ತವಳೂ ಹಾಗೆ ಕರೆಯುವಂತಿಲ್ಲ ಎಂದು ತಲೆಗೆ ಗೊತ್ತಿದೆ, ಕೈಗೆ ಇನ್ನೂ ರೂಢಿಯಾಗಿಲ್ಲ.

ಪರ್ಯೂಷಣದ ಮೊದಲ ದಿನ ನಿಮ್ಮ ಸಂಸಾರದ ತಂದೆ ಹಿತ್ತಾಳೆ ಅಂಗಡಿಯಲ್ಲೇ ಕುಸಿದುಬಿದ್ದರು. ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಆಡುವುದಿಲ್ಲ, ಮಾತೂ ಹೋಗಿದೆ. ನೀರು ಬೇಕಾದರೂ ಕಣ್ಣಲ್ಲೇ ಕೇಳುತ್ತಾರೆ. ಆದರೆ ಬೆಳಿಗ್ಗೆ ನಿಮ್ಮ ಚಂಪಾ ಅತ್ತೆ ಪಕ್ಕದಲ್ಲಿ ಕೂತು ನವಕಾರ ಮಂತ್ರ ಶುರುಮಾಡಿದರೆ, ಇವರ ಬಾಯಿಂದಲೂ ತಡೆಯಿಲ್ಲದೆ ಬರುತ್ತದೆ. “ಬಾಯಿಪಾಠವಾದದ್ದು ಕೆಲವರಿಗೆ ಉಳೀತದೆ, ನಾಲಿಗೆ ನಡೆದು ನಡೆದು ಸವೆದ ದಾರಿ ಅದು” ಅಂದರು ಡಾಕ್ಟರು.

ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ ನಮಸ್ಕಾರ ಎನ್ನುತ್ತಾರೆ. ‘ನಮೋ ಲೋಏ ಸವ್ವ ಸಾಹೂಣಂ’ ಬಂದಾಗ ನಿಂತುಬಿಡುತ್ತಾರೆ.

ಯಾಕೆಂದು ನಿಮಗೆ ಗೊತ್ತು. ಲೋಕದ ಸಾಧುಗಳೆಲ್ಲರಿಗೂ ನಮಸ್ಕಾರ ಎಂದರೆ ಅದರಲ್ಲಿ ನೀವೂ ಬಂದಿರಿ. ನಿಮ್ಮ ದೀಕ್ಷೆಯ ದಿನದಿಂದ ಅವರು ಆ ಸಾಲು ಬಿಟ್ಟರು. ಚಂಪಾ ಅತ್ತೆ ಅಣ್ಣನನ್ನು ಕೆಣಕದೆ ಇರುತ್ತಾರೆಯೇ? “ಐದು ಸಾಲಿನ ನವಕಾರಾನ ನಾಲ್ಕಕ್ಕೇ ಇಳಿಸಿದ್ದೀಯಲ್ಲೋ, ಅಂಗಡೀಲೂ ತೂಕ ಹೀಗೇನಾ?” ಎಂದರು ಒಮ್ಮೆ. ಇವರು ನಗಲಿಲ್ಲ. “ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲ ತಿರುಗಿಸಿದ ಕೂಸಿಗೆ ಕೈ ಮುಗೀಲಾ? ನವಕಾರದಲ್ಲಿ ಯಾರ ಹೆಸರೂ ಇಲ್ಲ, ಬರೀ ಗುಣಕ್ಕೆ ನಮಸ್ಕಾರ ಅಂತೀರಿ ಎಲ್ರೂ. ನನಗೆ ಆ ಸಾಲಲ್ಲಿ ಒಂದೇ ಹೆಸರು ಕೇಳಿಸುತ್ತೆ” ಎಂದು ಎದ್ದುಹೋದರು.

ಕಳೆದ ಮಾಘದಲ್ಲಿ ನೀವು ಗೋಚರಿಯ ಭಿಕ್ಷೆಗೆಂದು ನಮ್ಮ ಬಾಗಿಲಿಗೇ ಬಂದು ‘ಧರ್ಮಲಾಭ’ ಎಂದಾಗ ಒಳಕೋಣೆಯ ಬಾಗಿಲು ಹಾಕಿಕೊಂಡವರು ಅವರೇ. ನೀವು ಹೋದ ಮೇಲೆ ಹೊರಗೆ ಬಂದು, “ರೊಟ್ಲಿ ಬಿಸಿ ಇತ್ತಾ?” ಎಂದರು. “ಗಂಟಲು ಕಟ್ಟಿದೆ ಅವಳಿಗೆ, ಬರಿಗಾಲಲ್ಲಿ ಚಳೀಲಿ ನಡೆದರೆ ಇನ್ನೇನಾಗುತ್ತೆ” ಎಂದು ನನ್ನ ಮೇಲೇ ರೇಗಿದರು. ನನಗೆ ಅಂದು ಸಿಟ್ಟೇ ಬಂತು. ಇಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ಹಟ ಯಾಕೆ ಎಂದು.

“ಮಾತು ಹೋದ್ರೂ ಹಟ ಹೋಗಲಿಲ್ಲ ನೋಡು” ಎನ್ನುತ್ತಾರೆ ಈಗ ಚಂಪಾ ಅತ್ತೆ. ನಾನೂ ಹಾಗೇ ಅಂದುಕೊಂಡಿದ್ದೆ.

ಉಳಿದಂತೆ ಮನೆ ನಡೆಯುತ್ತಿದೆ. ಆಯಂಬಿಲ್ ಓಳಿಯ ಒಂಬತ್ತು ದಿನದ ಒಪ್ಪತ್ತು ಹತ್ತಿರ ಬಂತು. ಈ ಸಲ ನನ್ನಿಂದ ಆಗುತ್ತದೋ ಇಲ್ಲವೋ. ಕೊನೆಯಲ್ಲಿ ‘ಆಶೀರ್ವಾದಗಳು’ ಎಂದು ಬರೆಯಹೋಗಿ ನಿಲ್ಲಿಸಿದೆ. ಅದನ್ನು ಈಗ ಕೊಡಬೇಕಾದವರು ನೀವು.

ತಮಗೆ ವಂದಿಸುತ್ತಾ,
ಕಂಚನ

ತಾ.ಕ.: ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಇವತ್ತು ಚಂಪಾ ಅತ್ತೆ ಬಂದಿರಲಿಲ್ಲ, ನವಕಾರ ನಾನೇ ಹೇಳಿಸಿದೆ. ನಾಲ್ಕನೆಯ ಸಾಲು ಮುಗಿದ ಮೇಲೆ ಮುಖ ನೋಡಿದೆ. ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ಜೋಡಿಸಿಕೊಂಡರು. “ನಮೋ... ನಮೋ...” ಎಂದರು. ಮುಂದೆ ಬರಲಿಲ್ಲ. ಕಿವಿಯಲ್ಲಿ ಹೇಳಿಕೊಟ್ಟೆ, ಆದರೂ ಬರಲಿಲ್ಲ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಜೋಡಿಸಿದ ಕೈಗಳನ್ನು ಹಾಗೇ ಬೀದಿಬಾಗಿಲ ಕಡೆ ತಿರುಗಿಸಿದರು. ಇದು ಹಟವಲ್ಲ. ಬಿಟ್ಟು ಬಿಟ್ಟು ಆ ದಾರಿ ಮುಚ್ಚಿಹೋಗಿದೆ, ಈಗ ಬೇಕೆಂದರೂ ನಾಲಿಗೆಗೆ ಸಿಗುತ್ತಿಲ್ಲ.

ಚಾತುರ್ಮಾಸದಲ್ಲಿ ನೀವು ಅಲ್ಲಿಂದ ಕದಲುವಂತಿಲ್ಲ, ಗೊತ್ತು. ಕಾರ್ತಿಕ ಹುಣ್ಣಿಮೆ ಕಳೆದ ಮೇಲೆ ಎತ್ತ ಹೊರಡಬೇಕೆಂದು ಹೇಳುವವರು ಗುರುಣೀಜಿ. ನವಕಾರದಲ್ಲಿ ಏನನ್ನೂ ಬೇಡುವುದಿಲ್ಲ, ಬರೀ ನಮಸ್ಕಾರ ಎಂದು ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟವಳು ನಾನೇ. ಅದಕ್ಕೇ ಬೇಡುತ್ತಿಲ್ಲ. ಅವರ ಮಂಚವನ್ನು ಬಾಗಿಲಿಗೆ ಎದುರಾಗಿ ಹಾಕಿದ್ದೇನೆ. ಬಾಗಿಲು ತೆರೆದೇ ಇರುತ್ತದೆ, ಬಿಜಲ್.