ಬುಧನನ್ನು ನೋಡಿದ ಸಂಜೆ

ಬಿಬವೇವಾಡಿ, ಪುಣೆ
೯ ಮಾರ್ಚ್ ೨೦೨೫

ಶ್ರೀಮತಿ ಪಂಕಜಾಕ್ಷಿಯವರಿಗೆ ನಾಗವ್ವ ಹಂಚಿನಾಳಳ ನಮಸ್ಕಾರಗಳು.

ನಿಮ್ಮ ಮಗ ಅಶ್ವಿತ್‌ನ ವಿಷಯವಾಗಿ ನಮ್ಮ ಸೊಸೈಟಿಯ ಕಾರ್ಯದರ್ಶಿ ಈರಣ್ಣನವರು ನಿಮಗೆ ಬರೆದ ಪತ್ರದ ಪ್ರತಿಯನ್ನು ನನಗೂ ಕೊಟ್ಟಿದ್ದಾರೆ. ಎದುರು ಕಟ್ಟಡದ ಹೆಣ್ಣುಮಗಳನ್ನು ದುರ್ಬೀನಿನಲ್ಲಿ ಇಣುಕಿ ನೋಡುತ್ತಿದ್ದವನು ಸಿಕ್ಕಿಬಿದ್ದು, ಓಡುವಾಗ ಮೆಟ್ಟಿಲಲ್ಲಿ ಜಾರಿ ಕಣ್ಣಿಗೆ ಪೆಟ್ಟು ಮಾಡಿಕೊಂಡನೆಂದು ಅದರಲ್ಲಿದೆ. ಅವನು ಇಣುಕಲಿಲ್ಲ. ಓಡಲೂ ಇಲ್ಲ, ಓಡುವುದಕ್ಕೆ ದಾರಿಯೇ ಇರಲಿಲ್ಲ. ಕಟ್ಟಡದ ಮೇಲಿನ ಗಚ್ಚಿಯ ಬಾಗಿಲಿಗೆ ಗಚ್ಚಿಯ ಕಡೆಯಿಂದಲೇ ಅಗುಳಿ ಹಾಕಿದವರು ಇದೇ ಈರಣ್ಣನವರು. ಮೂವತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೇನೆ. ಇಷ್ಟು ಸುಳ್ಳನ್ನು ಇಷ್ಟು ಚೊಕ್ಕಟವಾಗಿ ಬರೆದದ್ದನ್ನು ನಾನು ಕಂಡಿರಲಿಲ್ಲ.

ಅವನನ್ನು ಕರೆಸಿದವಳು ನಾನೇ. ಫೆಬ್ರುವರಿ ಇಪ್ಪತ್ತೆಂಟರಂದು ಏಳು ಗ್ರಹಗಳೂ ಸಂಜೆಯ ಆಕಾಶದಲ್ಲಿ ಒಟ್ಟಿಗೆ ಇರುತ್ತವೆಂದು ಪತ್ರಿಕೆಗಳು ಬರೆದಿದ್ದವು. ಕನ್ನಡ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗ ನಿಗಡಿಯಲ್ಲಿ ಸ್ವಂತ ದೂರದರ್ಶಕ ಇಟ್ಟುಕೊಂಡಿದ್ದಾನೆಂದು ತಿಳಿದಿತ್ತು, ದೂರವಾಣಿ ಮಾಡಿದೆ. ಸ್ಕೂಟರಿನ ಹಿಂದೆ ಅದನ್ನು ಕಟ್ಟಿಕೊಂಡು ಬಂದು ನಮ್ಮ ಕಟ್ಟಡದ ಗಚ್ಚಿಯ ಮೇಲೆ ಹೂಡಿದ. ಗ್ರಹಗಳು ಸಾಲಾಗಿ ನಿಲ್ಲುತ್ತವೆಯೇ ಎಂದು ಕೇಳಿದರೆ, "ಇಲ್ಲ ಟೀಚರ್, ಸಾಲು ನಮ್ಮ ಕಣ್ಣಿಗೆ ಮಾತ್ರ. ಅವು ಒಂದಕ್ಕೊಂದು ಕೋಟಿಗಟ್ಟಲೆ ಮೈಲಿ ದೂರ," ಎಂದು ನಕ್ಕ. ನೆತ್ತಿಯ ಬಳಿಯ ಗುರುಗ್ರಹವನ್ನೂ ಅದರ ನಾಲ್ಕು ಚಂದ್ರರನ್ನೂ ತೋರಿಸಿದ. ನನಗೆ ಅಷ್ಟು ಸಾಲಲಿಲ್ಲ. ವರ್ಷವರ್ಷವೂ ಪಾಠ ಮಾಡಿದ ಬುಧನನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ತೋರಿಸಲೇಬೇಕೆಂದು ಹಟ ಹಿಡಿದೆ.

ಬುಧ ಪಶ್ಚಿಮದಲ್ಲಿ ಶುಕ್ರನಿಗಿಂತ ಬಹಳ ಕೆಳಗಿದ್ದ, ಇಳಿಯುತ್ತಲೇ ಇದ್ದ. ಅಶ್ವಿತ್ ನಳಿಗೆಯನ್ನು ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿಸಿದ. ಅದರ ಬಾಯಿ ಎದುರು ಕಟ್ಟಡದ ಮೇಲಂಚನ್ನು ಸವರಿಕೊಂಡು ಹೋಗುತ್ತಿತ್ತು. ಸಾಸಿವೆಯಷ್ಟು ಬಿಳಿಯ ಚುಕ್ಕೆಯೊಂದು ನಡುಗುತ್ತ ಕಂಡಿತು. ಅದೇ ಕಟ್ಟಡದ ಮೇಲಿನ ಅಂತಸ್ತಿನ ಬಾಲ್ಕನಿಯಲ್ಲಿ ಹೋಟೆಲಿನ ಕಾಂತಪ್ಪನವರ ಮಗಳು ತನುಶ್ರೀ ಕೂದಲು ಒಣಗಿಸಿಕೊಳ್ಳುತ್ತಿದ್ದಳೆಂಬುದು ನಮ್ಮಿಬ್ಬರಿಗೂ ಆಗ ತಿಳಿದಿರಲಿಲ್ಲ.

ಐದು ನಿಮಿಷದೊಳಗೆ ಕಾಂತಪ್ಪ, ಅವರ ಮಗ ರಿತೇಶ್, ಈರಣ್ಣ, ಕೆಳಗೆ ಗಾಡಿ ನಿಲ್ಲಿಸುತ್ತಿದ್ದ ನನ್ನ ಮಗ ಶಿವರಾಜ, ನಾಲ್ವರೂ ಮೇಲೆ ಬಂದರು. ರಿತೇಶ್ "ಕಾಯ್ ಬಘತೋಯ್ಸ್ ರೇ?" ಎನ್ನುತ್ತಲೇ ಅಶ್ವಿತ್‌ನ ಹೊಟ್ಟೆಗೆ ಗುದ್ದಿದ. ಏನು ನೋಡುತ್ತಿದ್ದೀ ಎಂದು ಕೇಳಿದವನಿಗೆ ಉತ್ತರ ಬೇಕಾಗಿರಲಿಲ್ಲ. ಕಾಂತಪ್ಪ ಕೆನ್ನೆಗೆ ಬಾರಿಸಿದ ಏಟಿಗೆ ಹುಡುಗನ ತುಟಿ ಒಡೆಯಿತು. ದೂರದರ್ಶಕವನ್ನು ಒದ್ದರು, ಅದು ನೀರಿನ ಟಾಕಿಯ ಕಟ್ಟೆಗೆ ಬಡಿದು ಗಾಜು ಪುಡಿಯಾಯಿತು. ಅವನು ಮೊಣಕಾಲೂರಿ ಗಾಜಿನ ಚೂರುಗಳನ್ನು ಬಳಿಯತೊಡಗಿದ. ಆ ಬೆರಳುಗಳ ಮೇಲೆ ರಿತೇಶ್ ಬೂಟುಗಾಲಿಟ್ಟು ತಿರುಚಿದ. ಈರಣ್ಣ, "ಯಾರೂ ವಿಡಿಯೋ ಮಾಡಬ್ಯಾಡ್ರಿ, ಸೊಸೈಟಿ ಹೆಸರು ಕೆಡ್ತದ," ಎಂದು ಅಗುಳಿ ಹಾಕಿದ್ದು ಆಗ.

ಪಂಕಜಾಕ್ಷಿಯವರೇ, ಅವನ ಕಣ್ಣಿಗೆ ಸೆರಗು ಒತ್ತಿ ಹಿಡಿದದ್ದಕ್ಕೆ ನೀವು ನನಗೆ ಕೃತಜ್ಞತೆ ತಿಳಿಸಿ ಕಾಗದ ಬರೆದಿದ್ದೀರಿ. ಸೆರಗು ಒತ್ತಿದ್ದು ನಿಜ. ಅದಕ್ಕೂ ಮುಂಚಿನದನ್ನು ಅಶ್ವಿತ್ ನಿಮಗೆ ಹೇಳಿಲ್ಲವೆಂದು ಆ ಕಾಗದದಿಂದಲೇ ತಿಳಿಯಿತು.

ನಳಿಗೆಯನ್ನು ತಮ್ಮ ಬಾಲ್ಕನಿಯ ಕಡೆ ಯಾಕೆ ತಿರುಗಿಸಿದ್ದೆಂದು ಕಾಂತಪ್ಪ ಅಬ್ಬರಿಸಿದಾಗ ಅವನು ರಕ್ತ ನುಂಗಿಕೊಂಡು, "ಟೀಚರ್ ಬುಧನನ್ನು ತೋರಿಸು ಅಂದ್ರು," ಎಂದ. ಎಲ್ಲರೂ ನನ್ನತ್ತ ತಿರುಗಿದರು. "ಏನು ಟೀಚರಮ್ಮಾ, ನೀವೂ ನೋಡ್ಲಿಕ್ಕೆ ನಿಂತದ್ದಾ?" ಎಂದರು ಕಾಂತಪ್ಪ. "ಆಜೀ ಪಣ್!" ಎಂದು ರಿತೇಶ್ ನಕ್ಕ. ಅಜ್ಜಿಯೂ ಸೇರಿದ್ದಾಳೆ ಎಂಬ ನಗೆ. ಶಿವರಾಜನ ಮುಖ ಕಪ್ಪಿಟ್ಟಿತು. "ಹೌದೇನವ್ವಾ?" ಎಂದು ಕೇಳಿದ.

ನನ್ನನ್ನು ನೋಡಿ ಹಾಗೆ ಯಾರೂ ಎಂದೂ ನಕ್ಕಿರಲಿಲ್ಲ. "ನಾನು ಗುರುಗ್ರಹ ನೋಡಿ ಕೆಳಗೆ ಹೊರಟಿದ್ದೆ. ಆಮೇಲೆ ಅವನು ಏನು ನೋಡಿದನೋ ನನಗೆ ಗೊತ್ತಿಲ್ಲ," ಎಂದೆ.

ಅಶ್ವಿತ್ ತಲೆಯೆತ್ತಿ ನನ್ನನ್ನು ನೋಡಿದ. ಎರಡೂ ಕಣ್ಣುಗಳಿಂದ ಅವನು ನೋಡಿದ್ದು ಅದೇ ಕೊನೆ. "ನಮ್ಮವ್ವನ ಹೆಸರು ಹೇಳ್ತೀಯೇನಲೇ!" ಎಂದು ನನ್ನ ಮಗ ದೂರದರ್ಶಕದ ಕಬ್ಬಿಣದ ಸ್ಟ್ಯಾಂಡನ್ನು ಎರಡೂ ಕೈಯಲ್ಲೆತ್ತಿ ಮುಖಕ್ಕೆ ಬೀಸಿದ. ಹುಡುಗನ ಕನ್ನಡಕ ಒಡೆದು ಚೂರು ಬಲಗಣ್ಣಿಗೆ ನಾಟಿತು. ಬಿದ್ದ ಮೇಲೂ ಮೂವರು ಒದ್ದರು. ಒದೆಯ ಸದ್ದು ಮಾತ್ರ ಕೇಳುತ್ತಿತ್ತು, ನೆನೆದ ಗಾದಿಯನ್ನು ಬಡಿದಂತೆ. ಅವರು ದಣಿದು ನಿಂತ ಮೇಲೆ ನಾನು ಸೆರಗು ಒತ್ತಿದೆ.

ಆ ಕಣ್ಣು ಮರಳುವುದಿಲ್ಲವೆಂದು ವೈದ್ಯರು ಹೇಳಿದ್ದನ್ನು ನೀವೇ ಬರೆದಿದ್ದೀರಿ. ನಾರಾಯಣಗಾಂವ್ ಕಡೆಯ ರೇಡಿಯೊ ದೂರದರ್ಶಕದಲ್ಲಿ ಅವನಿಗೆ ಸಿಕ್ಕಿರುವ ಕೆಲಸ, ಕಾಂತಪ್ಪನವರು ಕೊಟ್ಟ ಇಣುಕಿನ ದೂರು ಇರುವವರೆಗೆ ಪೊಲೀಸ್ ತಪಾಸಣೆಯಲ್ಲಿ ನಿಲ್ಲುವುದಿಲ್ಲವೆಂದೂ ಬರೆದಿದ್ದೀರಿ. ಕಣ್ಣು ನನ್ನಿಂದ ಹೋಯಿತು. ಕೆಲಸವೂ ಹೋದರೆ ಅದೂ ನನ್ನಿಂದಲೇ. ಅವನು ಏನು ನೋಡುತ್ತಿದ್ದನೆಂದು ಹೇಳಬಲ್ಲವಳು ನಾನೊಬ್ಬಳೇ.

ಶಿವರಾಜ ನನಗೆ ಮೊದಲ ದಿನವೇ ಹೇಳಿದ: "ಅವ್ವಾ, ನೀ ಬಾಯಿ ಬಿಟ್ಟರ ನಾ ಜೈಲಿಗೆ ಹೋಗ್ತೀನಿ. ನಿನಗ ಮಗ ಬೇಕೋ, ಶಿಷ್ಯ ಬೇಕೋ, ನೀನ ನೋಡು." ಒಂಬತ್ತು ದಿನ ಅವನ ಮನೆಯ ಅನ್ನವನ್ನುಂಡು ಸುಮ್ಮನಿದ್ದೆ. ನೀವು ನನ್ನನ್ನು ಕ್ಷಮಿಸಬೇಕೆಂದು ಈ ಪತ್ರ ಬರೆಯುತ್ತಿಲ್ಲ, ಕ್ಷಮಿಸಕೂಡದು. ಇದನ್ನು ಮಗನಿಗೆ ಓದಿ ಹೇಳಿ, ವಕೀಲರ ಕೈಗೆ ಕೊಡಿ.

ಇಂತು,
ನಾಗವ್ವ ಶಿವಪುತ್ರಪ್ಪ ಹಂಚಿನಾಳ
ನಿವೃತ್ತ ಮುಖ್ಯೋಪಾಧ್ಯಾಯಿನಿ

ತಾ. ಕ.: ಇಂದು ಬೆಳಿಗ್ಗೆ ಪೊಲೀಸ್ ಚೌಕಿಗೆ ಹೋಗಿ ಇದನ್ನೆಲ್ಲ ಮರಾಠಿಯಲ್ಲಿ ಬರೆಸಿ ಸಹಿ ಮಾಡಿ ಬಂದಿದ್ದೇನೆ. ಶಿವರಾಜನಿಗೆ ಇನ್ನೂ ತಿಳಿಯದು. ಪಕ್ಕದ ಕೋಣೆಯಲ್ಲಿ ಉಣ್ಣುತ್ತಿದ್ದಾನೆ, ಈಗಷ್ಟೇ ಇನ್ನೊಂದು ರೊಟ್ಟಿ ಕೇಳಿದ. ಹುಡುಗನನ್ನು ಹೊಡೆಯುವಾಗ ಗಚ್ಚಿಯ ಮೇಲೆ ಯಾರಾರಿದ್ದರೆಂದು ಅಧಿಕಾರಿ ಕೇಳಿದರು. ಬರೆಸಿದ ಹೆಸರುಗಳು ಇವು: ಕಾಂತಪ್ಪ, ಅವರ ಮಗ ರಿತೇಶ್, ಕಾರ್ಯದರ್ಶಿ ಈರಣ್ಣ, ಶಿವರಾಜ ಶಿವಪುತ್ರಪ್ಪ ಹಂಚಿನಾಳ, ನಾಗವ್ವ ಶಿವಪುತ್ರಪ್ಪ ಹಂಚಿನಾಳ.