ಕೇಕ್ ಬುಧವಾರಕ್ಕೆ

೨೦ ಜುಲೈ ೨೦೧೯, ಶನಿವಾರ. ವೆಂಚುರಾ

ಮನುಷ್ಯ ಚಂದ್ರನ ಮೇಲೆ ಇಳಿದು ಇವತ್ತಿಗೆ ಐವತ್ತು ವರ್ಷ. ಗ್ರಂಥಾಲಯದವರು ಕೇಕ್ ಕತ್ತರಿಸಲು ಕರೆದಿದ್ದರು. ನಾನು ಹೋಗಲಿಲ್ಲ.

"ಲೋಕವೆಲ್ಲ ಇವತ್ತೇ ಹಬ್ಬ ಮಾಡುತ್ತೆ ಅಜ್ಜಿ, ನಿಂದೊಂದು ಹಠ!" ಎಂದು ಮೊಮ್ಮಗಳು ಮರ್ಲಾ ರೇಗಿದಳು.

ಮಾಡಲಿ. ಆ ಚಂದ್ರಯಾತ್ರಿಗಳು ಭೂಮಿಗೆ ಮರಳಿ ಇಳಿಯಬೇಕಿದ್ದ ಪ್ಯಾರಾಚೂಟುಗಳನ್ನು ಕೈಯಾರೆ ಮಡಿಸಿದವಳು ನಾನು, ಲೋಕವಲ್ಲ. ಅಂದು ಊರೆಲ್ಲ ಕುಣಿಯುತ್ತಿದ್ದಾಗ ನಾನು ಕೇಕ್ ಮುಟ್ಟಲಿಲ್ಲ. ಒಂದೇ ಒಂದು ಮಡಿಕೆ ಸಿಕ್ಕಿಕೊಂಡರೆ? ನಾಲ್ಕು ದಿನ ಹಾಗೇ ಕಳೆದೆ. ಮೂರು ಪ್ಯಾರಾಚೂಟೂ ಅರಳಿ, ಮೂವರೂ ಕ್ಷೇಮವಾಗಿ ಕಡಲಿಗಿಳಿದ ಮೇಲೆಯೇ ನಾನು ಕೇಕ್ ತಿಂದದ್ದು. ಅಂದಿನಿಂದ ಪ್ರತಿವರ್ಷ ನನ್ನ ಹಬ್ಬ ಇಪ್ಪತ್ನಾಲ್ಕನೇ ತಾರೀಖೇ.

"ಬುಧವಾರ ಬಾ, ನಿಂಬೆಹಣ್ಣಿನ ಕೇಕ್ ಮಾಡ್ತೀನಿ," ಎಂದೆ.

"ಇವತ್ತೇ ಮಾಡಿದ್ರೆ ಏನಾಗುತ್ತೆ?"

"ಅವರಿನ್ನೂ ಮೇಲೇ ಇದ್ದಾರೆ ಕಣೆ."